ಮೈಕ್ ತಪ್ಪಿದ ಇಪ್ಪತ್ತೇಳು ಆವರ್ತ



ರಾಗ, ಕೃತಿ, ವಾಗ್ಗೇಯಕಾರರ ಬಗ್ಗೆ ಮಾತು ಕೇಳಿ ಅಭ್ಯಾಸವಾದ ಈ ಸಭೆಯಲ್ಲಿ ಜಾಝ್ ಸ್ಯಾಕ್ಸೊಫೋನಿನ ಬಗ್ಗೆ ಮಾತಾಡುತ್ತೇನೆ ಅಂದಾಗ ಸಮಿತಿಯವರು ಬೇಡವೆನ್ನಲಿಲ್ಲ. ‘ಮಾತು ಕಡಿಮೆ ಮಾಡಿ, ಕೇಳಿಸುವುದು ಜಾಸ್ತಿ ಮಾಡಿ’ ಎಂದಷ್ಟೇ ಹೇಳಿದರು. ಒಳ್ಳೆಯ ಷರತ್ತು. ಅಚ್ಚಾಗುವ ಪ್ರತಿಯಲ್ಲಿ ಕೇಳಿಸುವುದು ಸಾಧ್ಯವಿಲ್ಲವಾದ್ದರಿಂದ ಎಲ್ಲೆಲ್ಲಿ ಏನು ಕೇಳಿಸಿದೆ ಎಂಬುದನ್ನು ಸೂಚಿಸಿದ್ದೇನೆ. ಓದುವವರು ಅಲ್ಲಲ್ಲಿ ನಿಂತು ಆ ಧ್ವನಿಮುದ್ರಿಕೆಗಳನ್ನು ಹುಡುಕಿ ಕೇಳಿದರೆ ಚೆನ್ನ. ಬಹುತೇಕ ಸುಲಭವಾಗಿ ಸಿಗುವಂಥವೇ.

ವಿಷಯಕ್ಕೆ ಬರುತ್ತೇನೆ. 1956ರ ಜುಲೈ 7, ಶನಿವಾರ ರಾತ್ರಿ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಎಂಬ ಕಡಲತಡಿಯ ಊರಿನಲ್ಲಿ ಜಾಝ್ ಉತ್ಸವ. ಡ್ಯೂಕ್ ಎಲಿಂಗ್ಟನ್ನರ ವಾದ್ಯವೃಂದ ತನ್ನ ಮುಖ್ಯ ಸರದಿಗೆ ವೇದಿಕೆ ಏರುವಾಗ ನಡುರಾತ್ರಿ ಹತ್ತಿರವಾಗಿತ್ತು. ಜನ ಎದ್ದು ಮನೆಗೆ ಹೊರಡುತ್ತಿದ್ದರು. ಎಲಿಂಗ್ಟನ್ 1937ರಲ್ಲಿ ಬರೆದಿದ್ದ ‘ಡಿಮಿನುಯೆಂಡೊ ಅಂಡ್ ಕ್ರೆಸೆಂಡೊ ಇನ್ ಬ್ಲೂ’ ಎಂಬ ಜೋಡಿ ರಚನೆಯನ್ನು ಎತ್ತಿಕೊಂಡರು. ಎರಡು ಭಾಗಗಳ ನಡುವಿನ ಜಾಗ ತುಂಬಲು ಟೆನರ್ ಸ್ಯಾಕ್ಸೊಫೋನಿನ ಪಾಲ್ ಗೊನ್ಸಾಲ್ವೆಸ್ ಎದ್ದು ಮುಂದೆ ಬಂದರು. ಜೊತೆಗೆ ಜಿಮ್ಮಿ ವುಡ್ ಅವರ ಬಾಸ್, ಸ್ಯಾಮ್ ವುಡ್‌ಯಾರ್ಡ್ ಅವರ ಡ್ರಮ್ಸ್, ಆಗೊಮ್ಮೆ ಈಗೊಮ್ಮೆ ಎಲಿಂಗ್ಟನ್ನರ ಪಿಯಾನೊ. ಹನ್ನೆರಡು ಬಾರ್‌ಗಳ ಬ್ಲೂಸ್ ಅದು. ಬಾರ್‌ಗೆ ನಾಲ್ಕು ಎಣಿಕೆಯಂತೆ ಒಂದು ಆವರ್ತಕ್ಕೆ 48 ಎಣಿಕೆ. ಗೊನ್ಸಾಲ್ವೆಸ್ ಇಂಥ 27 ಆವರ್ತಗಳನ್ನು ಒಂದೇ ಓಘದಲ್ಲಿ ನುಡಿಸಿದರು. ನಡುವೆ ಕಪ್ಪು ಉಡುಪಿನ ಹೆಂಗಸೊಬ್ಬಳು ಎದ್ದು ಕುಣಿಯತೊಡಗಿದಳು. ಹೊರಟಿದ್ದವರು ತಿರುಗಿ ಬಂದರು, ಕುರ್ಚಿಗಳ ಮೇಲೆ ಹತ್ತಿ ನಿಂತರು. ಕೌಂಟ್ ಬೇಸಿಯವರ ವೃಂದದಲ್ಲಿ ಹೆಸರು ಮಾಡಿದ್ದ ಡ್ರಮ್ಮರ್ ಜೋ ಜೋನ್ಸ್ ವೇದಿಕೆಯ ಅಂಚಿನಲ್ಲಿ ಕೂತು, ಸುತ್ತಿದ ವೃತ್ತಪತ್ರಿಕೆಯಿಂದ ಹಲಗೆಗೆ ಬಡಿಯುತ್ತ ತಾಳ ಹಾಕುತ್ತಿದ್ದರು. ಮುಂದಿನ ತಿಂಗಳು ಎಲಿಂಗ್ಟನ್ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿದ್ದರು.

[ಗೊನ್ಸಾಲ್ವೆಸ್ ಸೋಲೊದ ಮೊದಲ ಆರು ಆವರ್ತಗಳನ್ನು ಸಭೆಗೆ ಕೇಳಿಸಲಾಯಿತು.]

ಈ ಕಥೆ ಜಾಝ್ ಕೇಳುವವರಿಗೆಲ್ಲ ಗೊತ್ತು. ಇದರೊಳಗೆ ಇನ್ನೊಂದು ಕಥೆ ಇದೆ. ವೇದಿಕೆಯಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿಯ ಮೈಕ್ ಇತ್ತು, ‘ವಾಯ್ಸ್ ಆಫ್ ಅಮೆರಿಕಾ’ ರೇಡಿಯೊದ ಮೈಕೂ ಇತ್ತು. ಕಂಪನಿಯ ರೆಕಾರ್ಡಿಗೆ ನುಡಿಸಬೇಕಿದ್ದ ಗೊನ್ಸಾಲ್ವೆಸ್ ರೇಡಿಯೊದ ಮೈಕಿನ ಮುಂದೆ ನಿಂತು ನುಡಿಸಿದರು. ಹೀಗಾಗಿ ಆ ವರ್ಷ ಹೊರಬಂದ ಎಲ್‌ಪಿಯಲ್ಲಿ ಡ್ರಮ್ಸ್ ಚೆನ್ನಾಗಿದೆ, ಜನರ ಕೂಗು ಭರ್ಜರಿಯಾಗಿದೆ, ಯಾರಿಗಾಗಿ ಅವರು ಕೂಗುತ್ತಿದ್ದಾರೋ ಆ ಮನುಷ್ಯ ಮಾತ್ರ ಪಕ್ಕದ ಬೀದಿಯಲ್ಲಿ ನುಡಿಸುತ್ತಿದ್ದ ಹಾಗೆ ಕೇಳಿಸುತ್ತಾನೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ಈ ಸೋಲೊವನ್ನು ಹಾಗೇ ಕೇಳಿತು, ಹಾಗೇ ಪ್ರೀತಿಸಿತು. ಕೊನೆಗೆ ವಾಯ್ಸ್ ಆಫ್ ಅಮೆರಿಕಾದ ಟೇಪು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿತು. ಎರಡು ಟೇಪುಗಳನ್ನು ಒಂದರ ಪಕ್ಕ ಒಂದು ಹೊಂದಿಸಿ, ಒಂದನ್ನು ಎಡಗಿವಿಗೆ ಇನ್ನೊಂದನ್ನು ಬಲಗಿವಿಗೆ ಕೊಟ್ಟು, 1999ರಲ್ಲಿ ಹೊಸ ಆವೃತ್ತಿ ತಂದರು. ಗೊನ್ಸಾಲ್ವೆಸ್ ಅಂತೂ ನಮ್ಮೆದುರಿಗೆ ಬಂದು ನಿಂತರು.

ಒಂದು ಸೋಲೊವನ್ನು ಸ್ವರಲಿಪಿಗೆ ಇಳಿಸಲು ಕೂರುವವನಿಗೆ ಈ ಕಥೆ ತಮಾಷೆಯದಲ್ಲ. ಹಳೆಯ ಎಲ್‌ಪಿ ಕೇಳಿ ಬರೆದವನು ಎಷ್ಟೋ ಸ್ವರಗಳನ್ನು ಊಹೆಯ ಮೇಲೆ ಬರೆದಿರಬೇಕು. ಸ್ಯಾಕ್ಸೊಫೋನ್ ವಾದಕರು ನಾಲಿಗೆಯಿಂದ ರೀಡನ್ನು ಅರ್ಧ ತಡೆದು, ಸ್ವರವನ್ನು ನುಂಗಿದಂತೆ ನುಡಿಸುವುದುಂಟು. ಇವಕ್ಕೆ ಘೋಸ್ಟ್ ನೋಟ್ ಎನ್ನುತ್ತಾರೆ, ಲಿಪಿಯಲ್ಲಿ ಕಂಸದೊಳಗೆ ಬರೆಯುತ್ತಾರೆ. ದೂರದ ಮೈಕಿಗೆ ಮೊದಲು ಕಾಣೆಯಾಗುವವು ಇವೇ. ಜೋರಾದ ಸ್ವರಗಳು ಉಳಿಯುತ್ತವೆ, ನುಂಗಿದವು ಚಪ್ಪಾಳೆಯಲ್ಲಿ ಮುಳುಗುತ್ತವೆ. ಆಗ ಹಾಳೆಯ ಮೇಲೆ ಮೂಡುವ ಗೊನ್ಸಾಲ್ವೆಸ್ ನಿಜದವರಿಗಿಂತ ಒರಟು, ನಿಜದವರಿಗಿಂತ ಸರಳ. ಸ್ಟುಡಿಯೊ ಮುದ್ರಣದಲ್ಲಿ ಈ ಕಷ್ಟವಿಲ್ಲ. ಸ್ಟುಡಿಯೊದಲ್ಲಿ ಜನರೂ ಇರುವುದಿಲ್ಲ ಎಂಬುದು ಬೇರೆ ಮಾತು. ಲೈವ್ ಮುದ್ರಣದ ಕಷ್ಟವೂ ಸೊಗಸೂ ಒಂದೇ ಕಡೆಯಿಂದ ಬರುತ್ತವೆ.

ಈ ಕೆಲಸ ಹೇಗೆ ಮಾಡುತ್ತಾರೆ ಎಂದು ಸ್ವಲ್ಪ ಹೇಳುತ್ತೇನೆ. ಇಲ್ಲಿ ವೀಣೆ, ಪಿಟೀಲು ನುಡಿಸುವವರು ಹಲವರಿದ್ದೀರಿ. ನಿಮಗೆ ಅರ್ಧ ವಿಷಯ ಮೊದಲೇ ಗೊತ್ತಿದೆ.

ಮೊದಲನೆಯದಾಗಿ, ಪೆನ್ಸಿಲ್ ಮುಟ್ಟಬಾರದು. ನ್ಯೂಯಾರ್ಕಿನಲ್ಲಿ ಲೆನ್ನಿ ಟ್ರಿಸ್ಟಾನೊ ಎಂಬ ಪಿಯಾನೊ ವಾದಕರಿದ್ದರು. ಕಣ್ಣು ಕಾಣುತ್ತಿರಲಿಲ್ಲ, ಕಿವಿ ಅಸಾಧಾರಣ. ಲೀ ಕೊನಿಟ್ಜ್, ವಾರ್ನ್ ಮಾರ್ಷ್ ಅವರಂಥ ಸ್ಯಾಕ್ಸೊಫೋನ್ ವಾದಕರು ಅವರ ಶಿಷ್ಯರು. ಲೆಸ್ಟರ್ ಯಂಗ್ ಮುಂತಾದವರ ಸೋಲೊಗಳನ್ನು ರೆಕಾರ್ಡಿನೊಂದಿಗೆ ಬಾಯಲ್ಲಿ ಹಾಡಿ ಒಪ್ಪಿಸಬೇಕು, ವಾದ್ಯ ಆಮೇಲೆ ಎಂಬುದು ಅವರ ಪಾಠಕ್ರಮ. ಗುರುವಿನ ಮುಂದೆ ಕೂತು ಕಲಿತ ನಿಮಗೆ ಇದು ಹೊಸದಲ್ಲ. ಹಾಡಲು ಬಾರದ್ದನ್ನು ಬರೆದರೆ ಸ್ವರಗಳ ಪಟ್ಟಿ ಸಿಗುತ್ತದೆ, ಸಂಗೀತ ಸಿಗುವುದಿಲ್ಲ.

ಎರಡನೆಯದು ಆವರ್ತಗಳ ಲೆಕ್ಕ. ಯಾವ ಆವರ್ತ ಯಾವ ಸೆಕೆಂಡಿಗೆ ಶುರುವಾಗುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಗೊನ್ಸಾಲ್ವೆಸ್ ಸೋಲೊ ಎಂದರೆ 324 ಬಾರ್, 1,296 ಎಣಿಕೆ. ಗುರುತಿಲ್ಲದೆ ಒಳಗೆ ಹೋದವನು ಹದಿನೈದನೆಯ ಆವರ್ತದಲ್ಲೋ ಹದಿನಾರರಲ್ಲೋ ದಾರಿ ತಪ್ಪುತ್ತಾನೆ.

ಮೂರನೆಯದು ಶ್ರುತಿ. ಸ್ಯಾಕ್ಸೊಫೋನಿನಲ್ಲಿ ಹಾಳೆಯ ಸ್ವರ ಬೇರೆ, ಕಿವಿಯ ಸ್ವರ ಬೇರೆ. ಟೆನರ್‌ನವನ ಹಾಳೆಯಲ್ಲಿ ‘ಸಿ’ ಎಂದಿದ್ದರೆ ಪಿಯಾನೊದ ‘ಬಿ ಫ್ಲ್ಯಾಟ್’ ಕೇಳಿಸುತ್ತದೆ, ಅದೂ ಇನ್ನೊಂದು ಸ್ಥಾಯಿ ಕೆಳಗೆ. ಆಲ್ಟೊದವನ ‘ಸಿ’ ಪಿಯಾನೊದ ‘ಇ ಫ್ಲ್ಯಾಟ್’. ಅಂದರೆ ಪಿಯಾನೊ ಪಕ್ಕದಲ್ಲಿಟ್ಟುಕೊಂಡು ಬರೆದ ಎಲ್ಲವನ್ನೂ ಮತ್ತೊಮ್ಮೆ ಮೇಲಕ್ಕೆ ಸರಿಸಿ ಬರೆಯಬೇಕು. ಟೇಪಿನ ವೇಗ ಸರಿಯಿಲ್ಲದಿದ್ದರೆ ಇನ್ನೂ ಪಜೀತಿ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಸ್ಟುಡಿಯೊದಲ್ಲೇ ಮುದ್ರಣವಾದ 1959ರ ಆಲ್ಬಂ, ಜಗತ್ತಿನ ಅತಿ ಪ್ರಸಿದ್ಧ ಜಾಝ್ ಆಲ್ಬಂಗಳಲ್ಲಿ ಒಂದು. ಮುದ್ರಣ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ ಅದರ ಮೊದಲ ಬದಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತುಸು ಏರಿದ ಶ್ರುತಿಯಲ್ಲೇ ಮಾರಾಟವಾಯಿತು. ಅದರೊಂದಿಗೆ ನುಡಿಸಿ ಅಭ್ಯಾಸ ಮಾಡಿದ ಒಂದು ತಲೆಮಾರು ತಮ್ಮ ವಾದ್ಯವನ್ನೇ ಅನುಮಾನಿಸಿರಬೇಕು! ಸ್ಟುಡಿಯೊದ ಗತಿಯೇ ಇದಾದರೆ, ಕ್ಲಬ್ಬಿನ ಮೂಲೆಯಲ್ಲಿ ಕದ್ದು ಮಾಡಿದ ಟೇಪಿನ ಪಾಡು ಕೇಳಬೇಡಿ.

ನಾಲ್ಕನೆಯದು ನಿಧಾನಿಸುವುದು. ಹಿಂದಿನವರು 33⅓ ಸುತ್ತಿನ ಎಲ್‌ಪಿಯನ್ನು 16⅔ ಸುತ್ತಿಗೆ ಇಳಿಸಿ ಕೇಳುತ್ತಿದ್ದರು. ವೇಗ ಅರ್ಧವಾಗುತ್ತದೆ, ಶ್ರುತಿ ಸರಿಯಾಗಿ ಒಂದು ಸ್ಥಾಯಿ ಇಳಿಯುತ್ತದೆ. ಈಗ ‘ಟ್ರಾನ್ಸ್‌ಕ್ರೈಬ್’, ‘ಅಮೇಜಿಂಗ್ ಸ್ಲೋ ಡೌನರ್’ ಥರದ ತಂತ್ರಾಂಶಗಳಿವೆ, ಶ್ರುತಿ ಕದಲದೆ ವೇಗ ಮಾತ್ರ ಇಳಿಯುತ್ತದೆ. ಯೂಟ್ಯೂಬೇ ಆ ಕೆಲಸ ಮಾಡಿಕೊಡುತ್ತದೆ. ಉಪಕಾರವೇ. ಆದರೆ ಇಂದಿನ ಬಹಳಷ್ಟು ಲಿಪಿಗಳು ಕೆಟ್ಟಿರುವುದಕ್ಕೆ ಈ ಅನುಕೂಲವೇ ಕಾರಣ ಎಂಬುದು ನನ್ನ ಬಲವಾದ ಅಭಿಪ್ರಾಯ.

ಯಾಕೆಂದರೆ ಜಾಝ್‌ನಲ್ಲಿ ಒಂದು ಎಣಿಕೆಯನ್ನು ಎರಡು ಸ್ವರ ಹಂಚಿಕೊಂಡಾಗ ಅವು ಸಮನಾಗಿರುವುದಿಲ್ಲ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ನಿಧಾನ ಗತಿಯಲ್ಲಿ ಸುಮಾರು ಎರಡಕ್ಕೆ ಒಂದರ ಪ್ರಮಾಣ, ವೇಗ ಏರಿದಂತೆಲ್ಲ ಹೆಚ್ಚುಕಡಿಮೆ ಸಮಸಮ. ಇದೇ ಸ್ವಿಂಗ್. ಇದನ್ನು ಸಮನಾಗಿ ಬರೆದು ಹಾಳೆಯ ತಲೆಯಲ್ಲಿ ‘ಸ್ವಿಂಗ್’ ಎಂದು ಸೂಚಿಸುವುದು ರೂಢಿ. ಮಿಕ್ಕದ್ದು ಓದುವವನ ಕಿವಿಗೆ ಬಿಟ್ಟದ್ದು. ಟೆನರ್ ವಾದಕ ಡೆಕ್ಸ್ಟರ್ ಗಾರ್ಡನ್ ಅಂಥವರು ಇದರ ಮೇಲೆ ತಾಳಕ್ಕಿಂತ ತುಸು ಹಿಂದೆಯೇ ಉಳಿದು ನುಡಿಸುತ್ತಾರೆ, ಗಡಿಬಿಡಿ ಎಂಬುದೇ ಇಲ್ಲ. ಇದನ್ನು ಅರ್ಧ ವೇಗಕ್ಕೆ ಇಳಿಸಿ ಕೇಳಿದವನಿಗೆ ಸ್ವಿಂಗ್ ಕೇಳಿಸುವುದಿಲ್ಲ, ಬರೀ ಅಳತೆಗಳು ಕೇಳಿಸುತ್ತವೆ. ಪ್ರತಿ ಸ್ವರಕ್ಕೂ ಎಳ್ಳಷ್ಟು ವಿರಾಮ, ಟ್ರಿಪ್ಲೆಟ್, ಕಟ್ಟು ಎಂದು ಬರೆಯುತ್ತ ಹೋಗುತ್ತಾನೆ. ಹಾಳೆ ಕಪ್ಪಾಗುತ್ತದೆ. ನಿಖರತೆಯಲ್ಲಿ ತಪ್ಪು ಹುಡುಕಲಾಗದು, ನುಡಿಸಲೂ ಆಗದು. ಸ್ವರಕ್ಕೆ ನಿಧಾನಿಸಿ, ಲಯಕ್ಕೆ ಪೂರ್ಣ ವೇಗದಲ್ಲೇ ಕೇಳಿ. ಈ ವಿಷಯದಲ್ಲಿ ನಾನು ರಾಜಿಯಾಗಲಾರೆ.

ಇನ್ನು ನನ್ನ ಮುಖ್ಯ ಮಾತು. ಬರೆಯುವವರು ಸ್ಯಾಕ್ಸೊಫೋನನ್ನು ಮಾತ್ರ ಬರೆಯುತ್ತಾರೆ. ಜಾಝ್‌ನ ಲೈವ್ ಸೋಲೊದಲ್ಲಿ ಸ್ಯಾಕ್ಸೊಫೋನ್ ಅರ್ಧ ಪಾಲು ಮಾತ್ರ.

ಡೀನ್ ಬೆನೆಡೆಟ್ಟಿ ಎಂಬ ಆಲ್ಟೊ ವಾದಕನಿದ್ದ. ಪ್ರಸಿದ್ಧ ಆಲ್ಟೊ ವಾದಕ ಚಾರ್ಲಿ ಪಾರ್ಕರ್ ಎಂದರೆ ಅವನಿಗೆ ಪ್ರಾಣ. 1947ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸಿನ ಹೈ-ಡಿ-ಹೋ ಕ್ಲಬ್ಬಿನಲ್ಲಿ, ಮರುವರ್ಷ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ, ಮೊದಲು ಡಿಸ್ಕ್ ಕೊರೆಯುವ ಯಂತ್ರದಲ್ಲಿ, ಆಮೇಲೆ ಕಾಗದದ ಟೇಪಿನಲ್ಲಿ ಪಾರ್ಕರ್‌ರನ್ನು ಮುದ್ರಿಸಿಕೊಂಡ. ಡಿಸ್ಕೂ ಟೇಪೂ ದುಬಾರಿ. ಹಾಗಾಗಿ ಪಾರ್ಕರ್ ಸೋಲೊ ಶುರುವಾದಾಗ ಯಂತ್ರ ಚಾಲೂ, ಮುಗಿದಾಗ ಬಂದ್. ಟ್ರಂಪೆಟ್‌ನವನು ಏನು ನುಡಿಸಿದ, ಪಿಯಾನೊದವನು ಏನು ಮಾಡಿದ, ಯಾವುದೂ ಬೇಡ. ಬೆನೆಡೆಟ್ಟಿ 1957ರಲ್ಲಿ ಇಟಲಿಯಲ್ಲಿ ತೀರಿಕೊಂಡ. ಆ ಪೆಟ್ಟಿಗೆಗಳು ಎಲ್ಲಿವೆ, ಇವೆಯೋ ಇಲ್ಲವೋ ಎಂಬ ದಂತಕಥೆಗಳು ದಶಕಗಳ ಕಾಲ ಓಡಾಡಿದವು. ಕೊನೆಗೆ 1990ರಲ್ಲಿ ಮೊಸೈಕ್ ಎಂಬ ಕಂಪನಿ ಅವನ್ನು ಏಳು ಸಿಡಿಗಳಲ್ಲಿ ಹೊರತಂದಿತು.

[ಬೆನೆಡೆಟ್ಟಿ ಮುದ್ರಣಗಳ ಎರಡು ತುಣುಕುಗಳನ್ನು ಕೇಳಿಸಲಾಯಿತು.]

ಕೇಳಿದಿರಲ್ಲ. ಅದ್ಭುತ, ಆದರೆ ಏದುಸಿರು ಬರುತ್ತದೆ. ಒಬ್ಬ ಮನುಷ್ಯ ಮಾತಾಡುತ್ತಿದ್ದಾನೆ, ಯಾರ ಮಾತಿಗೆ ಉತ್ತರ ಕೊಡುತ್ತಿದ್ದಾನೆ ಎಂಬುದನ್ನು ಕತ್ತರಿಸಿ ಎಸೆದಿದ್ದಾರೆ. ಬೆನೆಡೆಟ್ಟಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಅವನಿಲ್ಲದಿದ್ದರೆ ಇಷ್ಟೂ ಇರುತ್ತಿರಲಿಲ್ಲ. ಆದರೆ ಅವನು ಹಣವಿಲ್ಲದೆ ಮಾಡಿದ್ದನ್ನು ಲಿಪಿಕಾರರು ಅಭ್ಯಾಸಬಲದಿಂದ ಮಾಡುತ್ತಾರೆ. 1978ರಲ್ಲಿ ಬಂದ ‘ಚಾರ್ಲಿ ಪಾರ್ಕರ್ ಆಮ್ನಿಬುಕ್’ ಅನ್ನೇ ನೋಡಿ. ಜೇಮಿ ಎಬರ್‌ಸೋಲ್ಡ್, ಕೆನ್ ಸ್ಲೋನ್ ಲಿಪಿಗಿಳಿಸಿದ 60 ಸೋಲೊಗಳು; ಜಗತ್ತಿನಾದ್ಯಂತ ಸ್ಯಾಕ್ಸೊಫೋನ್ ವಿದ್ಯಾರ್ಥಿಗಳ ಕೈಪಿಡಿ. ಸ್ವರಗಳಿವೆ, ಮೇಲೆ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಹೆಸರುಗಳಿವೆ. ಪಾರ್ಕರ್ ಜೊತೆ ನುಡಿಸಿದ ಮ್ಯಾಕ್ಸ್ ರೋಚ್ ಎಂಬ ಡ್ರಮ್ಮರ್ ಹುಟ್ಟಿಯೇ ಇರಲಿಲ್ಲವೋ ಏನೋ ಅನ್ನಿಸಬೇಕು, ಹಾಗಿದೆ.

ಈ ಲೋಪ ಎಷ್ಟು ದೊಡ್ಡದು ಎಂದು ತಿಳಿಯಲು ಟೆನರ್ ವಾದಕ ಸಾನಿ ರಾಲಿನ್ಸ್ ಅವರ ‘ಎ ನೈಟ್ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ ಕೇಳಬೇಕು. ವಿಲೇಜ್ ವ್ಯಾನ್‌ಗಾರ್ಡ್ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ನೆಲಮಾಳಿಗೆಯ ಕ್ಲಬ್. ಮ್ಯಾಕ್ಸ್ ಗಾರ್ಡನ್ 1935ರಲ್ಲಿ ತೆರೆದದ್ದು. 1957ರ ನವೆಂಬರ್ 3ರಂದು ಮುದ್ರಣ ತಂತ್ರಜ್ಞ ರೂಡಿ ವ್ಯಾನ್ ಗೆಲ್ಡರ್ ಅಲ್ಲಿ ತಮ್ಮ ಯಂತ್ರಗಳನ್ನು ಹೂಡಿ ಮಧ್ಯಾಹ್ನದ, ರಾತ್ರಿಯ ಕಾರ್ಯಕ್ರಮಗಳನ್ನು ಮುದ್ರಿಸಿಕೊಂಡರು. ಪಿಯಾನೊ ಇಲ್ಲ. ಟೆನರ್, ಬಾಸ್, ಡ್ರಮ್ಸ್, ಅಷ್ಟೆ. ರಾತ್ರಿಯ ಜೊತೆಗಾರರು ಬಾಸ್‌ನಲ್ಲಿ ವಿಲ್ಬರ್ ವೇರ್, ಡ್ರಮ್ಸ್‌ನಲ್ಲಿ ಎಲ್ವಿನ್ ಜೋನ್ಸ್. ಕಾರ್ಡ್ ಹಿಡಿದುಕೊಡುವ ವಾದ್ಯವೇ ಇಲ್ಲವಾದ್ದರಿಂದ ಹಾಡಿನ ಗೋಡೆ ಎಲ್ಲಿದೆ ಎಂಬುದನ್ನು ಮೂವರೂ ಒಬ್ಬರಿಗೊಬ್ಬರು ತೋರಿಸಿಕೊಳ್ಳಬೇಕು. ವೇರ್ ಎಲ್ಲವನ್ನೂ ತುಂಬುವುದಿಲ್ಲ, ಬೇಕಾದ ಕೆಲವೇ ಸ್ವರಗಳನ್ನು ಇಟ್ಟು ಸುಮ್ಮನಾಗುತ್ತಾರೆ. ಜೋನ್ಸ್ ಹಿಂದಿನಿಂದ ತಳ್ಳುತ್ತಾರೆ, ಮುಗಿಯಿತು ಅಂದುಕೊಂಡ ಕಡೆ ಮುಗಿಸುವುದಿಲ್ಲ. ರಾಲಿನ್ಸ್ ಒಂದು ತುಣುಕನ್ನು ನಡುವೆಯೇ ನಿಲ್ಲಿಸುತ್ತಾರೆ. ಉಳಿದ ಜಾಗದಲ್ಲಿ ಡ್ರಮ್ಸ್ ಮಾತಾಡುತ್ತದೆ. ಅದನ್ನೇ ಹಿಡಿದು ರಾಲಿನ್ಸ್ ಮುಂದುವರಿಯುತ್ತಾರೆ. ಸ್ಯಾಕ್ಸೊಫೋನಿನ ಸಾಲು ಮಾತ್ರ ಬರೆದ ಹಾಳೆಯಲ್ಲಿ ಆ ಜಾಗ ಬರೀ ವಿರಾಮಚಿಹ್ನೆ. ಓದಿದ ವಿದ್ಯಾರ್ಥಿ ಅಲ್ಲಿ ಉಸಿರೆಳೆದುಕೊಳ್ಳುತ್ತಾನೆ, ಅಷ್ಟೆ.

ನಾನು ಸೂಚಿಸುವ ದಾರಿ ಸುಲಭದ್ದು. ಸ್ಯಾಕ್ಸೊಫೋನಿನ ಸಾಲಿನ ಕೆಳಗೆ ಒಂದೇ ಗೆರೆ ಎಳೆಯಿರಿ. ಡ್ರಮ್ಸ್‌ನ ಪ್ರತಿ ಪೆಟ್ಟೂ ಬೇಡ. ಎಲ್ಲಿ ದೊಡ್ಡ ಒತ್ತು ಬಿತ್ತು, ಎಲ್ಲಿ ಪಿಯಾನೊ ಸುಮ್ಮನಾಯಿತು, ಎಲ್ಲಿ ಬಾಸ್ ಒಂದೇ ಸ್ವರದ ಮೇಲೆ ನಿಂತಿತು, ಎಲ್ಲಿ ಜನ ಕೂಗಿದರು ಎಂದಷ್ಟೇ ಗುರುತು ಹಾಕಿ. ನ್ಯೂಪೋರ್ಟ್ ಸೋಲೊಗೆ ಹೀಗೆ ಮಾಡಿ ನೋಡಿ. ಗೊನ್ಸಾಲ್ವೆಸ್ ಒಂದೆರಡು ಸ್ವರಗಳ ಸಣ್ಣ ತುಣುಕನ್ನು ಹಿಡಿದು ಆವರ್ತದುದ್ದಕ್ಕೂ ಉಜ್ಜುವ ಜಾಗಗಳಿವೆ. ಬರೀ ಲಿಪಿಯಲ್ಲಿ ಅವು ಬಡವಾಗಿ ಕಾಣುತ್ತವೆ, ಇಷ್ಟೇನಾ ಅನ್ನಿಸುತ್ತದೆ. ಕೆಳಗಿನ ಗೆರೆಯಲ್ಲಿ ಜನರ ಕೂಗನ್ನು ಗುರುತಿಸಿದ ಮೇಲೆ ಅದೇ ಜಾಗಗಳ ಅರ್ಥ ಬೇರೆಯಾಗುತ್ತದೆ. ಆ ತುಣುಕನ್ನು ಅವರು ಬಿಡದೆ ಹಿಡಿದದ್ದು ಜನ ಅದನ್ನು ಬಿಡಲೊಲ್ಲದೆ ಇದ್ದದ್ದರಿಂದ.

ಲಿಪಿಯಿಂದ ಪ್ರಯೋಜನವೇ ಇಲ್ಲವೇ ಎಂದರೆ, ಖಂಡಿತ ಇದೆ. 1958ರಲ್ಲಿ ಗಂಥರ್ ಶುಲ್ಲರ್ ಎಂಬ ಸಂಗೀತಗಾರ ರಾಲಿನ್ಸ್‌ರ ‘ಬ್ಲೂ 7’ ಸೋಲೊವನ್ನು ಬಿಡಿಸಿ, ಒಂದು ಸಣ್ಣ ಬೀಜದಿಂದ ಇಡೀ ಮನೋಧರ್ಮ ಹೇಗೆ ಬೆಳೆದಿದೆ ಎಂದು ಸ್ವರಸ್ವರವಾಗಿ ತೋರಿಸಿ ಲೇಖನ ಬರೆದರು. ಜಾಝ್ ವಿಮರ್ಶೆಯ ದಿಕ್ಕನ್ನೇ ಬದಲಿಸಿದ ಬರಹ. ಕಿವಿಯಿಂದ ಮಾತ್ರ ಅದು ಸಾಧ್ಯವಿರಲಿಲ್ಲ. ಅದನ್ನು ಓದಿ ರಾಲಿನ್ಸ್‌ಗೆ ಮಾತ್ರ ನುಡಿಸುವಾಗ ಕಸಿವಿಸಿಯಾಗತೊಡಗಿತಂತೆ, ಅವರೇ ಹೇಳಿಕೊಂಡಿದ್ದಾರೆ.

ಲಿಪಿ ಕೈಚೆಲ್ಲುವ ಜಾಗವೂ ಒಂದಿದೆ. ಅದೇ ವ್ಯಾನ್‌ಗಾರ್ಡ್‌ನಲ್ಲಿ, 1961ರ ನವೆಂಬರ್ 2ರಂದು, ಟೆನರ್ ವಾದಕ ಜಾನ್ ಕೋಲ್ಟ್ರೇನ್ ನುಡಿಸಿದ ‘ಚೇಸಿನ್ ದ ಟ್ರೇನ್’. ಹದಿನಾರು ನಿಮಿಷ, ಎಫ್‌ನಲ್ಲಿ ಬ್ಲೂಸ್, ಸುಮಾರು 80 ಆವರ್ತಗಳು. ಕೋಲ್ಟ್ರೇನ್ ವೇದಿಕೆಯಲ್ಲಿ ಅಲೆದಾಡುತ್ತಿದ್ದರು, ಮೈಕ್ ಹಿಡಿದು ಅವರ ಹಿಂದೆ ವ್ಯಾನ್ ಗೆಲ್ಡರ್ ಓಡಬೇಕಾಯಿತು, ಹೆಸರು ಬಂದದ್ದು ಅದರಿಂದ ಎನ್ನುತ್ತಾರೆ. ಆ ದಿನಗಳಲ್ಲೇ ‘ಡೌನ್‌ಬೀಟ್’ ಪತ್ರಿಕೆಯಲ್ಲಿ ಒಬ್ಬ ವಿಮರ್ಶಕರು ಕೋಲ್ಟ್ರೇನ್ ನುಡಿಸುತ್ತಿರುವುದು ಜಾಝ್ ವಿರೋಧಿ ಎಂದು ಬರೆದರು. ಈ ಸೋಲೊದಲ್ಲಿ ಬೆರಳುಗಳ ಒಂದೇ ಹಿಡಿತಕ್ಕೆ ಎರಡು ಮೂರು ಸ್ವರ ಒಟ್ಟಿಗೆ ಒಡೆದು ಬರುವ ಜಾಗಗಳಿವೆ, ಚೀತ್ಕಾರಗಳಿವೆ, ಯಾವ ಮನೆಯಲ್ಲೂ ಕೂರದ ಸ್ವರಗಳಿವೆ. ಐದು ಗೆರೆಗಳ ಸ್ಟಾಫ್‌ನಲ್ಲಿ ಇವನ್ನು ಎಲ್ಲಿಡುತ್ತೀರಿ? ಆದರೂ ಒಬ್ಬರು ಇಟ್ಟರು. ವಾಷಿಂಗ್ಟನ್ನಿನ ಆಂಡ್ರ್ಯೂ ವೈಟ್, ಸ್ವತಃ ಸ್ಯಾಕ್ಸೊಫೋನ್ ವಾದಕರು. ಕೋಲ್ಟ್ರೇನ್‌ರ 700ಕ್ಕೂ ಹೆಚ್ಚು ಸೋಲೊಗಳನ್ನು ಕೇಳಿ ಕೇಳಿ ಕೈಯಲ್ಲಿ ಬರೆದು, ತಾವೇ ಪ್ರಕಟಿಸಿ ಮಾರಿದರು. 2020ರಲ್ಲಿ ತೀರಿಕೊಂಡರು. ಇಂಥವರ ಬಗ್ಗೆ ನಮ್ಮಲ್ಲೂ ಯಾರಾದರೂ ಬರೆಯಬೇಕು.

ಸಂಗೀತ ಬಾರದವರು ಇದರಿಂದ ಏನು ಪಡೆಯಬಹುದು ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಇರಬಹುದು. ಕಚೇರಿಯಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುವ ಅಭ್ಯಾಸವಿರುವವರಿಗೆ ಬ್ಲೂಸ್ ಎಣಿಸುವುದು ಕಷ್ಟವಲ್ಲ. ಮೊದಲ ನಾಲ್ಕು ಬಾರ್ ಷಡ್ಜದ ಮನೆ. ಐದನೆಯದಕ್ಕೆ ಬಾಸ್ ಮಧ್ಯಮಕ್ಕೆ ಸರಿಯುತ್ತದೆ, ಏಳಕ್ಕೆ ಷಡ್ಜಕ್ಕೆ ಬರುತ್ತದೆ. ಒಂಬತ್ತಕ್ಕೆ ಪಂಚಮ, ಹನ್ನೊಂದಕ್ಕೆ ಮತ್ತೆ ಮನೆ. ಬಾಸ್ ಮೇಲೆ ಕಿವಿಯಿಟ್ಟು ನಾಲ್ಕೈದು ಆವರ್ತ ಎಣಿಸಿದರೆ ಆಮೇಲೆ ತಾನಾಗಿ ಬರುತ್ತದೆ. ಎಣಿಕೆ ಬಂದವನಿಗೆ ವಾದಕ ಆವರ್ತದ ಗಡಿಯನ್ನು ಎಲ್ಲಿ ದಾಟಿ ನುಡಿಸಿದ, ಎಲ್ಲಿ ಬೇಕೆಂದೇ ತಡವಾಗಿ ಬಂದ ಎಂಬುದೆಲ್ಲ ಕೇಳಿಸತೊಡಗುತ್ತದೆ. ಅದುವರೆಗೆ ‘ಒಂದೇ ಸಮನೆ ಊದುತ್ತಾನೆ’ ಎನ್ನುತ್ತಿದ್ದವರು ಅಲ್ಲಿಂದ ಮುಂದೆ ಹಾಗೆನ್ನುವುದಿಲ್ಲ.

ಸ್ಯಾಕ್ಸೊಫೋನ್ ನಮಗೆ ಪರಕೀಯ ವಾದ್ಯವೂ ಅಲ್ಲ. ಬಂಟ್ವಾಳ ತಾಲ್ಲೂಕಿನಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮನಸೋತು, ಗಮಕ ಹೊರಡುವಂತೆ ವಾದ್ಯದಲ್ಲಿ ಮಾರ್ಪಾಡು ಮಾಡಿಕೊಂಡು, ಅದರಲ್ಲಿ ಕರ್ನಾಟಕ ಸಂಗೀತದ ಪೂರ್ಣ ಕಚೇರಿ ನಡೆಸಿದರು. 2008ರಲ್ಲಿ ಕರ್ನಾಟಕ ಮೂಲದ ಅಮೆರಿಕನ್ ಆಲ್ಟೊ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ‘ಕಿನ್ಸ್‌ಮೆನ್’ ಎಂಬ ಆಲ್ಬಂ ಹೊರಬಂತು. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ ಇದ್ದಾರೆ. ಎರಡು ಆಲ್ಟೊಗಳು ಅಕ್ಕಪಕ್ಕ ಕೇಳಿಸುತ್ತವೆ. ಮಹಾಂತಪ್ಪನವರ ಸಾಲನ್ನು ಸ್ಟಾಫ್‌ನಲ್ಲಿ ಬಹುಮಟ್ಟಿಗೆ ಬರೆಯಬಹುದು. ಕದ್ರಿಯವರದ್ದನ್ನು ಸರಿಗಮದಲ್ಲಿ ಬರೆದರೆ ಗಮಕ ಉಳಿಯುವುದಿಲ್ಲ, ಸ್ಟಾಫ್‌ನಲ್ಲಿ ಬರೆದರೆ ರಾಗವೇ ಉಳಿಯುವುದಿಲ್ಲ. ಇಬ್ಬರನ್ನೂ ಒಂದೇ ಹಾಳೆಯಲ್ಲಿ ತರುವ ಕೆಲಸ ಇಲ್ಲಿರುವ ಕಿರಿಯರಲ್ಲಿ ಯಾರಾದರೂ ಕೈಗೆತ್ತಿಕೊಳ್ಳಲಿ.

[‘ಕಿನ್ಸ್‌ಮೆನ್’ ಆಲ್ಬಮ್ಮಿನ ಒಂದು ಭಾಗವನ್ನು ಕೇಳಿಸಲಾಯಿತು.]

ಕೊನೆಯದಾಗಿ ಒಂದು ಮಾತು. ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಮತ್ತು ಕೋಲ್ಟ್ರೇನ್ 1957ರ ನವೆಂಬರ್ 29ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಒಟ್ಟಿಗೆ ನುಡಿಸಿದ್ದರು. ಅದರ ಟೇಪು ಲೈಬ್ರರಿ ಆಫ್ ಕಾಂಗ್ರೆಸ್‌ನ ಕಪಾಟಿನಲ್ಲಿ ಯಾರ ಗಮನಕ್ಕೂ ಬಾರದೆ ಉಳಿದು, 2005ರಲ್ಲಿ ಸಿಕ್ಕಿತು. ಯಾರೋ ಮುದ್ರಿಸಿ, ಯಾರೋ ಎಸೆಯದೆ ಇಟ್ಟಿದ್ದರಿಂದ ಇವತ್ತು ನಾವು ಅದನ್ನು ಕೇಳುತ್ತೇವೆ, ಬರೆಯುತ್ತೇವೆ. ಕದ್ರಿಯವರು 2019ರಲ್ಲಿ ತೀರಿಕೊಂಡರು. ದೇವಸ್ಥಾನದ ಉತ್ಸವ, ರಾಮನವಮಿ ಪೆಂಡಾಲು, ಮದುವೆ ಮನೆ, ಹೀಗೆ ಎಲ್ಲೆಲ್ಲೋ ಅವರ ವಾದನವನ್ನು ಕ್ಯಾಸೆಟ್ಟಿಗೆ ಹಿಡಿದುಕೊಂಡವರು ಈ ಸಭೆಯಲ್ಲೇ ಇರಬಹುದು. ಕ್ಯಾಸೆಟ್ಟಿನ ಆಯುಷ್ಯ ದೊಡ್ಡದಲ್ಲ. ದಯವಿಟ್ಟು ಅವನ್ನು ಹುಡುಕಿ ತೆಗೆಯಿರಿ, ಕಂಪ್ಯೂಟರಿಗೆ ಹಾಕಿಸಿ. ಊರು, ದಿನಾಂಕ, ಪಿಟೀಲು ಮೃದಂಗದವರ ಹೆಸರುಗಳನ್ನು ನೆನಪಿದ್ದಷ್ಟು ಬರೆದಿಡಿ. ಒಂದು ಪ್ರತಿಯನ್ನು ಈ ಸಂಸ್ಥೆಗೆ ಕೊಡಿ.